ಇಂಡಿಯನ್ ಚೈಲ್ಡ್ ವೆಲ್ಫೇರ್ ಆಕ್ಟ್ (1978)

ಅಮೆರಿಕ ಸಂಯುಕ್ತ ಸಂಸ್ಥಾನದ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳನ್ನು ಕುಟುಂಬದಿಂದಲೂ ಸಮುದಾಯದಿಂದಲೂ ಅನ್ಯಾಯವಾಗಿ ಬೇರ್ಪಡಿಸುವುದನ್ನು ತಡೆಯಲು ಬಂದ ಒಕ್ಕೂಟ ಸರ್ಕಾರದ ಕಾಯ್ದೆ. 1969 ಮತ್ತು 1974ರ ಸಮೀಕ್ಷೆಗಳ ಪ್ರಕಾರ ಈ ಸಮುದಾಯಗಳ ಶೇ. 25ರಿಂದ 35ರಷ್ಟು ಮಕ್ಕಳು ಹೆತ್ತವರಿಂದ ದೂರವಾಗಿ ಸಾಕುಮನೆ, ದತ್ತುಮನೆ ಇಲ್ಲವೇ ಸಂಸ್ಥೆಗಳಲ್ಲಿದ್ದರು. ಹೊಡೆತ, ಹಿಂಸೆಯ ಕಾರಣಕ್ಕೆ ಒಯ್ದ ಮಕ್ಕಳು ಕಡಿಮೆ. ಬಡತನವನ್ನೂ, ಮಗುವನ್ನು ಅಜ್ಜಿ ಅಥವಾ ಚಿಕ್ಕಮ್ಮನ ಬಳಿ ಬಿಡುವ ರೂಢಿಯನ್ನೂ ಅಧಿಕಾರಿಗಳು ‘ನಿರ್ಲಕ್ಷ್ಯ’ ಎಂದು ದಾಖಲಿಸುತ್ತಿದ್ದರು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಈ ಆರೋಪ ವಿಚಿತ್ರವಾಗಿಯೇ ಕಾಣುತ್ತದೆ.

ಮೀಸಲು ನೆಲದಲ್ಲಿ ವಾಸಿಸುವ ಮಗುವಿನ ಪಾಲನೆಯ ಪ್ರಕರಣಗಳು ಸಾಮಾನ್ಯವಾಗಿ ಬುಡಕಟ್ಟಿನ ನ್ಯಾಯಾಲಯಕ್ಕೇ ಸೇರುತ್ತವೆ. ದತ್ತು ಕೊಡುವಾಗ ಮೊದಲ ಆದ್ಯತೆ ಬಂಧುಗಳಿಗೆ; ನಂತರ ಅದೇ ಬುಡಕಟ್ಟಿನವರಿಗೆ, ಆಮೇಲೆ ಇತರ ಮೂಲನಿವಾಸಿ ಕುಟುಂಬಗಳಿಗೆ. ಮಗುವನ್ನು ಒಯ್ಯುವ ಮುನ್ನ ಕುಟುಂಬವನ್ನು ಉಳಿಸಲು ಸಕ್ರಿಯ ಪ್ರಯತ್ನ ನಡೆದಿದೆಯೆಂದು ತೋರಿಸಬೇಕು. ಹೆತ್ತವರ ಹಕ್ಕನ್ನು ರದ್ದುಪಡಿಸಲು ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತ ಪುರಾವೆ ಬೇಕು. ಕಾಯ್ದೆಯ ನಿಜವಾದ ಬಲ ಈ ಎರಡು ಷರತ್ತುಗಳಲ್ಲಿದೆ.

ಕಾಯ್ದೆ ಜನಾಂಗದ ಆಧಾರದಲ್ಲಿ ತಾರತಮ್ಯ ಮಾಡುತ್ತದೆ ಎಂಬ ಆಕ್ಷೇಪ ಹಳೆಯದು. 2023ರ ಹಾಲೆಂಡ್ ವಿರುದ್ಧ ಬ್ರಾಕೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ, ಅರ್ಜಿದಾರರಿಗೆ ದಾವೆ ಹೂಡುವ ಅರ್ಹತೆಯಿಲ್ಲವೆಂದು ಈ ಪ್ರಶ್ನೆಯನ್ನು ಮಾತ್ರ ತೀರ್ಮಾನಿಸದೆ ಬಿಟ್ಟಿತು. ಬಾಲನ್ಯಾಯದಲ್ಲಿ ಕಾಯ್ದೆಯ ವ್ಯಾಪ್ತಿ ಕಿರಿದು: ವಯಸ್ಕರು ಮಾಡಿದ್ದರೆ ಅಪರಾಧವೆನಿಸುವ ಕೃತ್ಯಕ್ಕಾಗಿ ಮಗುವನ್ನು ಮನೆಯಿಂದ ಒಯ್ದರೆ ಈ ರಕ್ಷಣೆಗಳು ಅನ್ವಯಿಸುವುದಿಲ್ಲ.