ಪಾಠಟಿಪ್ಪಣಿಯ ಮೊದಲ ಹಂತ: ಕಾಸರಗೋಡಿನ ಕನ್ನಡ ತರಗತಿಗಳ ಚರಿತ್ರೆಗೊಂದು ಆಕರ

ಕಾಸರಗೋಡಿನ ಕನ್ನಡದ ಚರಿತ್ರೆ ಅಂದ ಕೂಡಲೇ ನಾವು 1956ರ ನವೆಂಬರ್ 1, ಮಹಾಜನ ಆಯೋಗ, ಚಂದ್ರಗಿರಿ ಹೊಳೆ ಇಷ್ಟನ್ನೇ ಹೇಳ್ತೇವೆ. ನಾನು ಇವತ್ತು ತರಗತಿಯ ಒಳಗಿನ ಒಂದು ವಸ್ತುವನ್ನು ಆಕರವಾಗಿ ನೋಡುತ್ತೇನೆ. ಅದು ಮಾಷ್ಟ್ರು, ಟೀಚರುಗಳು ಪಾಠಕ್ಕೆ ಮೊದಲು ಬರೆಯುವ ಟಿಪ್ಪಣಿ.

ಅದರ ಹಳೆಯ ಚೌಕಟ್ಟು ಜರ್ಮನಿಯ ಹರ್ಬಾರ್ಟ್ (1776–1841) ಅವರ ಚಿಂತನೆಯಿಂದ ಬಂದದ್ದು. ಅವರ ನಾಲ್ಕು ಹಂತಗಳನ್ನು ಅನುಯಾಯಿಗಳಾದ ಜಿಲ್ಲರ್ ಮತ್ತು ರೈನ್ ಐದು ಮಾಡಿದರು: ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಭಾರತದ ಶಿಕ್ಷಕರ ತರಬೇತಿಗೂ ಇದೇ ಕ್ರಮ ಬಂತು.

ಒಂದು ಉದಾಹರಣೆ ನೋಡಿ. ಪಾಠ, ನೀರು ಆವಿಯಾಗುವುದು. ಅಂಗಳದಲ್ಲಿ ಒಣಹಾಕಿದ ಹಣ್ಣಡಿಕೆಯ ತೂಕ ಏಕೆ ಇಳಿಯುತ್ತದೆ ಅಂತ ಕೇಳುವುದು ಪೂರ್ವಸಿದ್ಧತೆ. ಒಂದೇ ಅಳತೆಯ ಎರಡು ಒದ್ದೆ ಬಟ್ಟೆಗಳನ್ನು ಬಿಸಿಲಿನಲ್ಲಿ, ನೆರಳಿನಲ್ಲಿ ಹಾಕಿ ತೋರಿಸುವುದು ನಿರೂಪಣೆ. ತಟ್ಟೆಯ ನೀರನ್ನೂ ಬಾಟಲಿಯ ನೀರನ್ನೂ ಪಕ್ಕದಲ್ಲಿಟ್ಟು ನೋಡುವುದು ಹೋಲಿಕೆ. ಶಾಖ, ಗಾಳಿ, ಹರವು ಹೆಚ್ಚಿದಷ್ಟೂ ನೀರು ಬೇಗ ಆರುತ್ತದೆ ಅಂತ ಮಕ್ಕಳೇ ಹೇಳಿದರೆ ಅದು ಸಾಮಾನ್ಯೀಕರಣ. ಅಡಿಕೆಯನ್ನು ರಾಶಿ ಹಾಕದೆ ಹರಡುವುದೇಕೆ ಎನ್ನುವುದು ಅನ್ವಯ.

ನಮ್ಮಲ್ಲಿ ಕಷ್ಟ ಇರುವುದು ಮೊದಲ ಹಂತದಲ್ಲೇ. ಗೊತ್ತಿರುವುದರಿಂದ ಶುರು ಮಾಡಬೇಕು, ಸರಿ. ಆದರೆ ಯಾವ ಭಾಷೆಯಲ್ಲಿ ಗೊತ್ತಿರುವುದು? ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ತರಗತಿಗಳಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ ಮನೆಮಾತಿನ ಮಕ್ಕಳಿದ್ದಾರೆ. ಪುಸ್ತಕದ ಅಡಿಕೆ ತುಳುವಿನಲ್ಲಿ ಬಜ್ಜೈ, ಮಲಯಾಳದಲ್ಲಿ ಅಡಕ್ಕ. ಪುಸ್ತಕದ ಕನ್ನಡ ಹಲವರಿಗೆ ಶಾಲೆಗೆ ಬಂದ ಮೇಲೆ ಸಿಕ್ಕಿದ ಭಾಷೆ. ಹಾಗಾಗಿ ಇಲ್ಲಿ ಪೂರ್ವಸಿದ್ಧತೆಗೆ ಎರಡು ಕೆಲಸ ಉಂಟು: ಅನುಭವವನ್ನು ಎಬ್ಬಿಸುವುದು, ಅದನ್ನು ಕನ್ನಡಕ್ಕೆ ದಾಟಿಸುವುದು.

1956ರಲ್ಲೇ ಇನ್ನೂ ಎರಡು ಸಂಗತಿ ನಡೆದವು. ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸುವಂತೆ ಹೇಳಿತು. ಅಮೆರಿಕದಲ್ಲಿ ಬ್ಲೂಮ್ ಮತ್ತು ಸಂಗಡಿಗರು ಶೈಕ್ಷಣಿಕ ಉದ್ದೇಶಗಳ ವರ್ಗೀಕರಣ ಪ್ರಕಟಿಸಿದರು. ಅದರ ಪ್ರಭಾವದಿಂದ ಮುಂದೆ ಟಿಪ್ಪಣಿಯಲ್ಲಿ ಜ್ಞಾನ, ಗ್ರಹಿಕೆ, ಅನ್ವಯ ಎಂಬ ಉದ್ದೇಶಗಳು ಬಂದವು. 1994ರಲ್ಲಿ ಕೇರಳದ ಡಿಪಿಇಪಿ ಯೋಜನೆ ಶುರುವಾದದ್ದು ಕಾಸರಗೋಡು, ವಯನಾಡು, ಮಲಪ್ಪುರಂ ಜಿಲ್ಲೆಗಳಲ್ಲಿ. ಆ ಮೇಲೆ ಟಿಪ್ಪಣಿಯಲ್ಲಿ ಚಟುವಟಿಕೆಗೆ ಪ್ರಾಧಾನ್ಯ ಸಿಕ್ಕಿತು.

ಚೌಕಟ್ಟುಗಳೆಲ್ಲ ಹೊರಗಿನಿಂದ ಬಂದವು. ಮೊದಲ ಪ್ರಶ್ನೆಯನ್ನು ಮಾತ್ರ ಊರಿನ ಅಧ್ಯಾಪಕರೇ ಬರೆಯಬೇಕಿತ್ತು. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಇಲ್ಲಿ ಪ್ರತಿಭಟನೆಗಳು ನಡೆದದ್ದನ್ನು ಈ ದೃಷ್ಟಿಯಿಂದಲೂ ನೋಡಬೇಕು. ಅಂಥವರು ಕಾಲಂ ಎಲ್ಲ ತುಂಬಿಸಬಹುದು. ಆದರೆ ಬಜ್ಜೈಯಿಂದ ಅಡಿಕೆಗೆ ಮಗುವನ್ನು ಕರೆತರುವುದು ಹೇಗೆ?

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮನವಿ. ನಿವೃತ್ತ ಅಧ್ಯಾಪಕರ ಮನೆಗಳಲ್ಲಿ ಹಳೆಯ ಟಿಪ್ಪಣಿ ಪುಸ್ತಕಗಳು ಸಿಕ್ಕಿದರೆ ಅವು ರದ್ದಿಗೆ ಹೋಗುವ ಮೊದಲು ಪ್ರತಿ ಮಾಡಿಟ್ಟುಕೊಳ್ಳಿ. ಓದುವಾಗ ಪೂರ್ವಸಿದ್ಧತೆಯ ಕೆಳಗೆ ಬರೆದ ಪ್ರಶ್ನೆಗಳನ್ನು ಮೊದಲು ಓದಿ.