ಕಾನ್ಫರೆನ್ಸ್ ಮತ್ತು ಪ್ರೆಸಿದಿಯುಂ: ಶ್ರೀಸಾಮಾನ್ಯರ ಸೇವಾಸಂಘಗಳ ಘಟಕನಾಮಗಳು

ಶ್ರೀಸಾಮಾನ್ಯರ ಸೇವಾಸಂಘಗಳ ಇತಿಹಾಸ ಬರೆಯುವವರು ಸ್ಥಾಪಕರನ್ನೂ ಸೇವಾಕಾರ್ಯಗಳನ್ನೂ ವಿವರವಾಗಿ ನಿರೂಪಿಸುತ್ತಾರೆ. ಸ್ಥಳೀಯ ಘಟಕಕ್ಕೆ ಇಟ್ಟ ಹೆಸರನ್ನು ಗಮನಿಸುವುದು ವಿರಳ. ಆದರೆ ಸಂಘವೊಂದು ತನ್ನನ್ನು ಹೇಗೆ ಅರಿತುಕೊಂಡಿದೆ ಎಂಬುದಕ್ಕೆ ಆ ಹೆಸರೇ ಸಾಕ್ಷಿ. ನಮ್ಮ ಧರ್ಮಕೇಂದ್ರಗಳಿಗೆ ಪರಿಚಿತವಾದ ಎರಡು ಸಂಘಗಳನ್ನು ನೋಡೋಣ.

ಸಂತ ವಿನ್ಸೆಂಟ್ ದ ಪೌಲರ ಸಭೆಯಲ್ಲಿ ಘಟಕದ ಹೆಸರು ‘ಕಾನ್ಫರೆನ್ಸ್’. ಇದನ್ನು ‘ಸಮ್ಮೇಳನ’ ಎಂದು ಅನುವಾದಿಸಿದರೆ ಚಪ್ಪರ, ವೇದಿಕೆ, ಮೆರವಣಿಗೆಗಳು ಕಣ್ಣ ಮುಂದೆ ನಿಲ್ಲುತ್ತವೆ. ಮೂಲದ ಅರ್ಥ ಅದಲ್ಲ. ಪ್ಯಾರಿಸ್ಸಿನ ವಿದ್ಯಾರ್ಥಿಗಳು ಚರ್ಚೆಗಾಗಿ ಸೇರುತ್ತಿದ್ದ ಕೂಟಕ್ಕೆ ಆ ಹೆಸರಿತ್ತು. ಫ್ರೆಡರಿಕ್ ಓಝನಾಂ ಇತಿಹಾಸದ ಕಾನ್ಫರೆನ್ಸಿನಲ್ಲಿ ಧರ್ಮಸಭೆಯ ಪರ ವಾದಿಸುತ್ತಿದ್ದರು. ನಿಮ್ಮ ಧರ್ಮಸಭೆ ಈಗ ಬಡವರಿಗಾಗಿ ಏನು ಮಾಡುತ್ತಿದೆ ಎಂಬ ಎದುರಾಳಿಗಳ ಸವಾಲಿಗೆ ವಾದದ ಉತ್ತರ ಸಾಲದಾಯಿತು. 1833ರ ಏಪ್ರಿಲ್ 23ರಂದು ಅವರೂ ಕೆಲವು ಗೆಳೆಯರೂ ಇಮ್ಯಾನುಯೆಲ್ ಬೈಲಿಯವರ ಅಧ್ಯಕ್ಷತೆಯಲ್ಲಿ ಕೂಡಿ ಪ್ರೇಮಸೇವೆಯ ಕಾನ್ಫರೆನ್ಸನ್ನು ಆರಂಭಿಸಿದರು. ಕಾರ್ಯ ಬದಲಾಯಿತು, ಹೆಸರು ಉಳಿಯಿತು.

ಕೂಟ ಒಂದೇ ಇದ್ದಾಗ ಅದನ್ನು ಪ್ರತ್ಯೇಕಿಸಿ ಗುರುತಿಸುವ ಅಗತ್ಯವಿರಲಿಲ್ಲ. ಸದಸ್ಯರು ನೂರರ ಸಮೀಪ ಬೆಳೆದಾಗ, ವಿಭಜಿಸಬೇಕೇ ಬೇಡವೇ ಎಂಬ ತೀವ್ರ ವಾಗ್ವಾದ 1834ರ ಕೊನೆಯಲ್ಲಿ ನಡೆಯಿತು. ಬೇರೆಯಾದರೆ ಗೆಳೆತನ ಒಡೆದೀತೆಂಬ ಅಳುಕು. ಕೊನೆಗೆ ವಿಭಜನೆಯಾಯಿತು. ಮುಂದೆ ಕಾನ್ಫರೆನ್ಸುಗಳು ಧರ್ಮಕೇಂದ್ರದ ಹೆಸರನ್ನು ಹೊತ್ತವು. ಯಾವ ಬೀದಿಯ ಬಡವರು ಯಾರ ಹೊಣೆ ಎಂಬುದು ಹೆಸರಿನಿಂದಲೇ ಸ್ಪಷ್ಟವಾಯಿತು.

ಲೀಜನ್ ಆಫ್ ಮೇರಿಯ ಕ್ರಮ ಬೇರೆ. 1921ರ ಸೆಪ್ಟೆಂಬರ್ 7ರಂದು ಡಬ್ಲಿನ್ನಿನ ಮೈರಾ ಹೌಸಿನಲ್ಲಿ ಫ್ರ್ಯಾಂಕ್ ಡಫ್ ಮತ್ತು ಸಂಗಡಿಗರು ಆರಂಭಿಸಿದಾಗ ಅದು ‘ಕರುಣಾಮಾತೆಯ ಸಂಘ’ವಾಗಿತ್ತು, 1925ರಲ್ಲಿ ‘ಲೀಜನ್’ ಆಯಿತು. ಐರ್ಲೆಂಡಿನ ಅಂತರ್ಯುದ್ಧ ಮುಗಿದು ಆಗ ಎರಡೇ ವರ್ಷ. ಸೇನಾಪದವನ್ನು ಆರಿಸಿಕೊಳ್ಳುವುದು ಹಗುರವಾದ ಮಾತಾಗಿರಲಾರದು. ಘಟಕಕ್ಕೆ ‘ಪ್ರೆಸಿದಿಯುಂ’, ಅಂದರೆ ರೋಮನ್ ಸೈನ್ಯದ ಕಾವಲುದಳ. ಮೇಲಿನ ಮಂಡಳಿಗಳಿಗೆ ಕೂರಿಯಾ, ಕೊಮಿತಿಯುಂ, ಸೆನಾತುಸ್ ಮುಂತಾದ ಹೆಸರುಗಳು. ಇವು ದಂಡಿನವಲ್ಲ, ರೋಮಿನ ಪೌರಜೀವನದವು ಎಂಬುದನ್ನು ಟೀಕಾಕಾರರು ಮರೆಯುತ್ತಾರೆ. ಪ್ರಾರ್ಥನೆಯಿಂದ ನೆರವಾಗುವವರು ‘ಸಹಾಯಕ ಸದಸ್ಯರು’. ರೋಮಿನಲ್ಲಿ ಈ ಪದ ಪೌರತ್ವವಿಲ್ಲದ ಸೈನಿಕರದು.

ಇಲ್ಲಿ ಘಟಕದ ಹೆಸರು ಊರಿನದಲ್ಲ, ಮಾತೆ ಮರಿಯಮ್ಮನವರ ಬಿರುದು ಅಥವಾ ಅವರ ಜೀವನದ ಘಟನೆಯೊಂದು. ಆದ್ದರಿಂದ ಒಂದೇ ಧರ್ಮಕೇಂದ್ರದಲ್ಲಿ ಹಲವು ಪ್ರೆಸಿದಿಯುಂಗಳಿದ್ದರೂ ಗೊಂದಲವಿಲ್ಲ. ಹಾಗೆಂದು ಇದು ಧರ್ಮಕೇಂದ್ರದಿಂದ ಸ್ವತಂತ್ರವಲ್ಲ. ಕೇಂದ್ರಗುರುಗಳ ಅಥವಾ ಧರ್ಮಾಧ್ಯಕ್ಷರ ಸಮ್ಮತಿಯಿಲ್ಲದೆ ಸ್ಥಾಪಿಸುವಂತಿಲ್ಲ.

ಹೆಸರಿನ ವಿಷಯದಲ್ಲಿ ಧರ್ಮಸಭಾ ಕಾನೂನೂ ಮೌನವಾಗಿಲ್ಲ. 1917ರ ಸಂಹಿತೆಯ 688ನೆಯ ವಿಧಿ ಹಗುರವಾದ, ಅಸಂಗತ ನವೀನತೆಯ ಹೆಸರುಗಳನ್ನು ನಿಷೇಧಿಸಿತ್ತು. 1983ರ ಸಂಹಿತೆಯ 304ನೆಯ ವಿಧಿ ಕಾಲದೇಶಗಳ ರೂಢಿಗೆ ಹೊಂದುವ, ಮುಖ್ಯವಾಗಿ ಉದ್ದೇಶದಿಂದಲೇ ಆರಿಸಿದ ಹೆಸರನ್ನು ಬಯಸುತ್ತದೆ. ನಿಷೇಧದಿಂದ ಔಚಿತ್ಯದೆಡೆಗೆ ಸರಿದ ಈ ಹೆಜ್ಜೆಯೇ ಕನ್ನಡೀಕರಣಕ್ಕೆ ಬಾಗಿಲು ತೆರೆಯುತ್ತದೆ. ಆದರೆ ಎಲ್ಲವನ್ನೂ ‘ಘಟಕ’ವೆಂದು ಕರೆದುಬಿಡುವುದು ಅನುವಾದವಲ್ಲ, ವಿಸ್ಮೃತಿ. ‘ಸುಬ್ ತೂಮ್ ಪ್ರೆಸಿದಿಯುಂ’ ಎಂಬ ಪುರಾತನ ಮರಿಯ ಪ್ರಾರ್ಥನೆಯಲ್ಲಿ ಇದೇ ಪದವಿದೆ; ಗ್ರೀಕ್ ರೂಪದಲ್ಲಿ ಆ ಜಾಗದಲ್ಲಿರುವುದು ಕರುಳಿನ ಕರುಣೆಯನ್ನು ಸೂಚಿಸುವ ಪದ. ಪ್ರೆಸಿದಿಯುಂಗೆ ಕನ್ನಡ ಹುಡುಕುವವರು ‘ದಳ’ದ ಜೊತೆಗೆ ‘ಆಸರೆ’ಯನ್ನೂ ತೂಗಿ ನೋಡಬೇಕು.