ಪರಭಾಷೆಯ ಹೊಸ್ತಿಲು ದಾಟಿದ ಮೂವರು

ಹೊಸ ಮಾತು ಕಲಿಯುವುದು ಹೆಣ್ಣಿಗೆ ಹೊಸದೇನೂ ಅಲ್ಲ. ಧಾರವಾಡದ ಕಡೆಯ ಹುಡುಗಿ ಮೈಸೂರಿನ ಕಡೆಗೆ ಸೊಸೆಯಾಗಿ ಬಂದರೆ ಮೊದಲ ಆರು ತಿಂಗಳು ಆಕೆ ಕಲಿಯುವುದು ಅತ್ತೆಮನೆಯ ಅಡುಗೆಯನ್ನಷ್ಟೇ ಅಲ್ಲ, ಅಲ್ಲಿಯ ಮಾತನ್ನೂ. ಕರಾವಳಿಯ ಮನೆಗಳಲ್ಲಿ ಒಬ್ಬಳೇ ಹೆಂಗಸು ಮೀನಿನವಳೊಡನೆ ತುಳು, ಮಕ್ಕಳೊಡನೆ ಕೊಂಕಣಿ, ಪೋಸ್ಟ್‌ಮ್ಯಾನ್ ಜೊತೆ ಕನ್ನಡ ಆಡುವುದನ್ನು ನಾವೆಲ್ಲ ಕಂಡಿದ್ದೇವೆ. ಇದಕ್ಕೆಲ್ಲ ಯಾರೂ ಸರ್ಟಿಫಿಕೇಟು ಕೊಡಲಿಲ್ಲ, ಕೇಳಲೂ ಇಲ್ಲ. ಆದರೆ ಅದೇ ಹೆಂಗಸು ಪುಸ್ತಕ ಹಿಡಿದು, ಕಾಲೇಜಿನ ಬೆಂಚಿನ ಮೇಲೆ ಕುಳಿತು ಪರಭಾಷೆ ಕಲಿಯಲು ಹೊರಟಾಗ ಮಾತ್ರ ಪ್ರಶ್ನೆಗಳು ಏಳುತ್ತವೆ. ಯಾತಕ್ಕೆ? ಯಾರಿಗಾಗಿ? ಕಲಿತು ಏನು ಮಾಡುತ್ತಾಳೆ?

ನಾನು ಊರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತು ವರ್ಷದ ಹತ್ತಿರ ಇಂಗ್ಲಿಷ್ ಕಲಿಸಿದವಳು. ಪ್ರತಿ ವರ್ಷ ಯಾವಳಾದರೂ ಒಬ್ಬಳು ಧೈರ್ಯ ಮಾಡಿ, "ಮೇಡಂ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕನ್ನಡ. ಈ ಇಂಗ್ಲಿಷ್ ನಮಗೆ ಯಾತಕ್ಕೆ?" ಎಂದು ಕೇಳಿಯೇ ಕೇಳುತ್ತಿದ್ದಳು. ಓದಿಗೆ ಬೇಕು, ಉದ್ಯೋಗಕ್ಕೆ ಬೇಕು, ಬೇರೆ ಜನರೊಡನೆ ಬಾಳುವುದಕ್ಕೆ ಬೇಕು ಎಂಬ ಮೂರು ಉತ್ತರಗಳನ್ನು ಯಾರಾದರೂ ಹೇಳಬಹುದು. ಬರಿಯ ಉತ್ತರ ಹುಡುಗಿಯರ ಕಿವಿಗೆ ಹತ್ತುವುದಿಲ್ಲ. ಆದ್ದರಿಂದ ನಾನು ಮೂವರು ಹೆಂಗಸರ ಕಥೆ ಹೇಳುತ್ತಿದ್ದೆ. ಆ ಕಥೆಗಳನ್ನು ಇಲ್ಲಿ ಬರೆದಿಡಬೇಕೆನಿಸಿತು.

ಮೊದಲನೆಯ ಕಥೆ ಶುರುವಾಗುವುದು ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಕಾರ್ಕಳದ ಬಳಿಯ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆ ಎಂಬ ಚಿತ್ಪಾವನ ಪಂಡಿತರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ದೇವಭಾಷೆಯೇ ಎಂದು ಊರು ಎದ್ದುನಿಂತಿತು. ಶಾಸ್ತ್ರಿಗಳು ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ತಮ್ಮ ನಡೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಆಮೇಲೆ ಅವರು ಕಾಡಿನ ನಡುವೆ ಮನೆ ಮಾಡಿಕೊಂಡರು. 1858ರಲ್ಲಿ ಅಲ್ಲಿ ಹುಟ್ಟಿದ ಮಗಳೇ ರಮಾಬಾಯಿ. ತಾಯಿಯ ಬಾಯಿಂದಲೇ ಆಕೆ ಪುರಾಣಗಳನ್ನು ಕಲಿತರು. ಮುಂದೆ ಸಂಸಾರ ಊರೂರು ಅಲೆಯುತ್ತ ಪುರಾಣ ಹೇಳಿ ಜೀವಿಸಿತು. ಬರಗಾಲದ ದಿನಗಳಲ್ಲಿ ತಂದೆತಾಯಿ ತೀರಿಕೊಂಡರು. ಅಣ್ಣನೊಡನೆ ನಡೆದು ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟಿದಾಗ ಇಪ್ಪತ್ತು ವರ್ಷದ ಈ ಹೆಣ್ಣುಮಗಳನ್ನು ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ, 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ಮನೆಮಾತು ಮರಾಠಿ, ಓದಿನ ಭಾಷೆ ಸಂಸ್ಕೃತ. ಅಲೆದಾಟದಲ್ಲಿ ಕನ್ನಡ, ಹಿಂದುಸ್ತಾನಿ, ಬಂಗಾಳಿಗಳೂ ಕೂಡಿಕೊಂಡಿದ್ದವು. ಇಂಗ್ಲಿಷ್ ಮಾತ್ರ ಇರಲಿಲ್ಲ.

ಅದಿಲ್ಲದಿದ್ದರೂ ಅವರ ದನಿ ನಿಲ್ಲಲಿಲ್ಲ. 1882ರಲ್ಲಿ ಹಂಟರ್ ಶಿಕ್ಷಣ ಆಯೋಗ ಪುಣೆಗೆ ಬಂದಾಗ ರಮಾಬಾಯಿ ಮರಾಠಿಯಲ್ಲೇ ಸಾಕ್ಷ್ಯ ನುಡಿದರು. ಹೆಂಗಸರಿಗೆ ಕಲಿಸಲು ಹೆಂಗಸರೇ ಬೇಕು, ಹೆಂಗಸರಿಗೆ ಮದ್ದು ಕೊಡಲು ಹೆಂಗಸು ಡಾಕ್ಟರುಗಳೇ ಬೇಕು ಎಂದು ಅವರು ಹೇಳಿದ್ದನ್ನು ಆಯೋಗದವರು ಇಂಗ್ಲಿಷಿಗೆ ಅನುವಾದ ಮಾಡಿಸಿದರು. ಅದೇ ವರ್ಷ ಗಂಡ ತೀರಿಕೊಂಡಿದ್ದರು, ಮಗಳು ಮನೋರಮೆ ಇನ್ನೂ ಎಳೆಯ ಕೂಸು. ಮಾರನೆಯ ವರ್ಷ ರಮಾಬಾಯಿ ಆ ಕೂಸನ್ನು ಕಟ್ಟಿಕೊಂಡು ಇಂಗ್ಲೆಂಡಿನ ಹಡಗು ಹತ್ತಿದರು. ಖರ್ಚಿಗೆ ಒದಗಿದ್ದು ತಾವೇ ಮರಾಠಿಯಲ್ಲಿ ಬರೆದಿದ್ದ 'ಸ್ತ್ರೀಧರ್ಮನೀತಿ' ಎಂಬ ಪುಸ್ತಕದ ಹಣ.

ಆ ಹೊತ್ತಿಗೆ ಇನ್ನೊಬ್ಬಳು ಹುಡುಗಿ ಇನ್ನೊಂದು ಹಡಗು ಹತ್ತಿದ್ದಳು. 1865ರಲ್ಲಿ ಕಲ್ಯಾಣದಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿಗೆ ಒಂಬತ್ತು ವರ್ಷಕ್ಕೆ ಮದುವೆಯಾಗಿತ್ತು. ಗಂಡ ಗೋಪಾಲರಾವ್ ಅಂಚೆ ಇಲಾಖೆಯ ಗುಮಾಸ್ತ, ವಯಸ್ಸಿನಲ್ಲಿ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಹೆಂಡತಿ ಓದಲೇಬೇಕೆಂಬುದು ಅವರ ಹಟ. ಆ ಹಟದಲ್ಲಿ ಪ್ರೀತಿಯೂ ಇತ್ತು, ಪೆಟ್ಟೂ ಇತ್ತು. ತನಗೆ ಬಿದ್ದ ಏಟುಗಳನ್ನು ಆಕೆ ಮುಂದೆ ಅಮೆರಿಕದಿಂದ ಗಂಡನಿಗೇ ಬರೆದ ಕಾಗದದಲ್ಲಿ ನೆನಪಿಸಿದ್ದಾರೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಹುಟ್ಟಿದ ಗಂಡುಮಗು ಹತ್ತು ದಿನಕ್ಕೆ ಹೋಯಿತು. ತಾನು ಡಾಕ್ಟರಾಗಬೇಕೆಂಬ ನಿಶ್ಚಯ ಹುಟ್ಟಿದ್ದು ಆಗ.

ಡಾಕ್ಟರಾಗಲು ಇಂಗ್ಲಿಷ್ ಬೇಕು. ಆಕೆಯ ಇಂಗ್ಲಿಷ್ ಪಳಗಿದ್ದು ಹೇಗೆ ಗೊತ್ತೇ? ಕಾಗದಗಳಲ್ಲಿ. ಹೆಂಡತಿಯ ಓದಿಗೆ ನೆರವು ಬೇಡಿ ಗೋಪಾಲರಾವ್ ಬರೆದಿದ್ದ ಪತ್ರವೊಂದು ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನ್ಯೂಜೆರ್ಸಿಯ ರೋಸೆಲ್ ಊರಿನ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತ ಅದನ್ನು ಓದಿ, ಕಾಣದ ಹುಡುಗಿಗೆ ಕಾಗದ ಬರೆದರು. ಹುಡುಗಿ ಅವರನ್ನು ಚಿಕ್ಕಮ್ಮನೆಂದೇ ಕರೆದಳು. ವ್ಯಾಕರಣದ ಪುಸ್ತಕ ವಾಕ್ಯ ಕಟ್ಟುವುದನ್ನು ಕಲಿಸುತ್ತದೆ. ಆದರೆ ನಮ್ಮ ಮನೆಯ ಹಬ್ಬವನ್ನು, ನಮ್ಮ ಸಂಕಟವನ್ನು ಅದರ ಗಂಧವೂ ಇಲ್ಲದವರಿಗೆ ತಿಳಿಯುವಂತೆ ಹೇಳುವುದನ್ನು ಕಲಿಸುವುದು ಇಂಥ ಕಾಗದಗಳೇ.

ಹೊರಡುವ ಮೊದಲು, 1883ರ ಫೆಬ್ರುವರಿಯಲ್ಲಿ, ಆನಂದಿಬಾಯಿ ಬಂಗಾಳದ ಶ್ರೀರಾಮಪುರ ಕಾಲೇಜಿನ ಸಭೆಯಲ್ಲಿ ನಿಂತು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಇನ್ನೂ ಹದಿನೆಂಟು ತುಂಬಿರಲಿಲ್ಲ. ಅಮೆರಿಕಕ್ಕೆ ಯಾಕೆ, ಒಬ್ಬಳೇ ಯಾಕೆ, ಜಾತಿಯವರು ಹೊರಗೆ ಹಾಕಿದರೆ ಏನು ಗತಿ ಎಂದು ದಾರಿಯಲ್ಲಿ ಜನ ಕೇಳುತ್ತಿದ್ದ ಪ್ರಶ್ನೆಗಳನ್ನೇ ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದರು. ಹಿಂದುವಾಗಿ ಹೋಗಿ ಹಿಂದುವಾಗಿಯೇ ಮರಳುತ್ತೇನೆ ಎಂದು ಮಾತು ಕೊಟ್ಟರು. ಆ ದಿನ ಪರಭಾಷೆ ಆಕೆಗೆ ಪಾಠವಾಗಿರಲಿಲ್ಲ, ತನ್ನ ವಕೀಲಿಯನ್ನು ತಾನೇ ಮಾಡಿಕೊಳ್ಳುವ ಸಾಧನವಾಗಿತ್ತು.

ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆಕೆ ಓದಿ, 1886ರ ಮಾರ್ಚ್ 11ರಂದು ಪದವಿ ಪಡೆದರು. ಪದವಿಗಾಗಿ ಬರೆದ ಪ್ರಬಂಧದ ವಿಷಯ ನೋಡಿ: ಹಿಂದೂ ಆರ್ಯರಲ್ಲಿ ಪ್ರಸೂತಿ ವಿದ್ಯೆ. ಸಂಸ್ಕೃತ ಗ್ರಂಥಗಳಲ್ಲಿದ್ದುದನ್ನು ಅಮೆರಿಕದ ವೈದ್ಯರಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಬರೆದಿಟ್ಟರು. ಮನೆಯ ಗಂಟನ್ನು ಬಿಸುಟು ಹೋದವರಲ್ಲ, ಅದನ್ನು ಹೊತ್ತುಕೊಂಡೇ ಹೊಸ್ತಿಲು ದಾಟಿದವರು. ಕೊಲ್ಲಾಪುರದ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ಅವರನ್ನು ನೇಮಿಸಿದ್ದರು. ಆದರೆ ಕ್ಷಯ ಬಿಡಲಿಲ್ಲ. 1887ರ ಫೆಬ್ರುವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಕಲಿತದ್ದು ಒಬ್ಬ ಬಾಣಂತಿಗೂ ಒದಗುವ ಮುನ್ನ ತೀರಿಕೊಂಡರು.

ಆ ಪದವಿ ಸಮಾರಂಭಕ್ಕೆ ಇಂಗ್ಲೆಂಡಿನಿಂದ ಬಂದು ಕುಳಿತಿದ್ದವರು ರಮಾಬಾಯಿ. ಡಾಕ್ಟರಾಗಬೇಕೆಂದು ಹೊರಟಿದ್ದ ಅವರಿಗೆ ಕಿವಿ ಮಂದವಾಗುತ್ತ ಬಂದು ಆ ದಾರಿ ಮುಚ್ಚಿತ್ತು. ಅಲ್ಲಿ ಕ್ರೈಸ್ತ ಮತವನ್ನು ಸ್ವೀಕರಿಸಿ, 1884ರಲ್ಲಿ ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜು ಸೇರಿದ್ದರು. ಅಲ್ಲಿ ಅವರು ಇಂಗ್ಲಿಷ್, ಗಣಿತ, ವಿಜ್ಞಾನಗಳ ವಿದ್ಯಾರ್ಥಿನಿ, ಸಂಸ್ಕೃತಕ್ಕೆ ಅಧ್ಯಾಪಕಿ. ಒಂದು ಕೋಣೆಯಲ್ಲಿ ತಪ್ಪು ತಿದ್ದಿಸಿಕೊಂಡು ಪಕ್ಕದ ಕೋಣೆಗೆ ಹೋಗಿ ತಪ್ಪು ತಿದ್ದುವುದು ಎಂದರೆ ಅದೊಂದು ವಿಚಿತ್ರ ಅನುಭವವೇ ಇರಬೇಕು. ಕಲಿಯುವವಳು ಕೀಳಲ್ಲ, ಕಲಿಸುವವಳು ಮೇಲಲ್ಲ ಎಂಬುದು ಅಂಥ ಕಡೆ ತಾನಾಗಿ ಮನಸ್ಸಿಗೆ ಬರುತ್ತದೆ.

ಅಲ್ಲಿಯೂ ಒಂದು ತಕರಾರು ಬಂತು. ಪ್ರಾಂಶುಪಾಲೆ ಡೊರೊಥಿಯಾ ಬೀಲ್ ಅವರಿಗೆ ರಮಾಬಾಯಿಯಿಂದ ಗಂಡಸರಿಗೂ ಪಾಠ ಹೇಳಿಸುವ ಯೋಚನೆ ಇತ್ತು. ಲಾಹೋರ್ ಮತ್ತು ಮುಂಬಯಿಯ ಬಿಷಪ್ಪರು ಬೇಡವೆಂದರು. ತರುಣಿಯೊಬ್ಬಳು ಗಂಡಸರಿಗೆ ಪಾಠ ಹೇಳಿದರೆ ಭಾರತದಲ್ಲಿ ಅವಳಿಗೆ ಬೆಲೆ ಇರದು ಎಂಬುದು ಅವರ ವಾದ. ರಮಾಬಾಯಿಗೆ ಆಶ್ಚರ್ಯವಾಯಿತು. ಭಾರತದಲ್ಲೇ ಗಂಡಸರು ತುಂಬಿದ ಸಭೆಗಳಲ್ಲಿ ಮಾತಾಡಿ ಬಂದವರು ಅವರು. ಹಾಗೆಂದು ಇಂಗ್ಲಿಷಿನಲ್ಲೇ ಬೀಲ್ ಅವರಿಗೆ ಕಾಗದ ಬರೆದರು. ಉಡುಪಿಯಲ್ಲಿ ತಾಯಿಯ ಪರವಾಗಿ ತಂದೆ ವಾದಿಸಬೇಕಾಗಿತ್ತು. ಇಲ್ಲಿ ಮಗಳ ವಾದವನ್ನು ಮಗಳೇ ಮಾಡಿದಳು.

ಅಮೆರಿಕಕ್ಕೆ ಹೋದ ಮರುವರ್ಷ, 1887ರಲ್ಲಿ, ಅವರು ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು: ಮೇಲ್ಜಾತಿಯ ಹಿಂದೂ ಹೆಂಗಸಿನ, ಅದರಲ್ಲೂ ಬಾಲವಿಧವೆಯ ಬದುಕನ್ನು ಅಮೆರಿಕದವರಿಗೆ ಹೇಳುವ ಪುಸ್ತಕ. ಅದನ್ನು ತಾಯಿ ಲಕ್ಷ್ಮೀಬಾಯಿಯ ನೆನಪಿಗೆ ಮುಡಿಪಾಗಿಟ್ಟರು. ಊರಿಗೆ ಮರಳಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದೇ ವರ್ಷ ಮರಾಠಿಯಲ್ಲಿ ಇನ್ನೊಂದು ಪುಸ್ತಕ ಪ್ರಕಟಿಸಿದರು: ಅಮೆರಿಕದ ಜನಜೀವನವನ್ನು, ಅಲ್ಲಿಯ ಹೆಂಗಸರ ಸ್ಥಿತಿಯನ್ನು ನಮ್ಮವರಿಗೆ ಹೇಳುವ ಪುಸ್ತಕ. ಅವರಿಗೆ ಅವರ ಭಾಷೆಯಲ್ಲಿ ನಮ್ಮ ಸುದ್ದಿ, ನಮಗೆ ನಮ್ಮ ಭಾಷೆಯಲ್ಲಿ ಅವರ ಸುದ್ದಿ. ಎರಡು ಸಂಸ್ಕೃತಿಗಳ ನಡುವಿನ ಕೊಡುಕೊಳೆ ಎಂದು ನಾವು ಭಾಷಣಗಳಲ್ಲಿ ಹೇಳುವುದು ಇದನ್ನೇ ಅಲ್ಲವೇ?

ಮೂರನೆಯವರು ಇರಾವತಿ ಕರ್ವೆ. ಇವರ ಮಾವ ಧೋಂಡೊ ಕೇಶವ ಕರ್ವೆಯವರು 1916ರಲ್ಲಿ ಪುಣೆಯಲ್ಲಿ ಮಹಿಳಾ ವಿಶ್ವವಿದ್ಯಾನಿಲಯ ಕಟ್ಟಿದವರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ ವರ್ಷ. ಕರ್ವೆಯವರ ವ್ಯವಸ್ಥೆ ವಿವೇಕದ್ದಾಗಿತ್ತು: ಪಾಠವೆಲ್ಲ ಮಾತೃಭಾಷೆಯಲ್ಲಿ, ಜೊತೆಗೆ ಇಂಗ್ಲಿಷ್ ಕಡ್ಡಾಯ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿರಲಿಲ್ಲ.

ಸೊಸೆ ಇರಾವತಿ 1928ರಲ್ಲಿ ಬರ್ಲಿನ್ನಿಗೆ ಹೋದರು. ಅಲ್ಲಿ ಇಂಗ್ಲಿಷಿಗೆ ಬೆಲೆ ಕಡಿಮೆ. ಉಪನ್ಯಾಸ ಜರ್ಮನ್, ಪುಸ್ತಕ ಜರ್ಮನ್, ಬರೆಯಬೇಕಾದದ್ದೂ ಜರ್ಮನ್. ಮಾನವಶಾಸ್ತ್ರದ ಪ್ರೊಫೆಸರ್ ಆಯ್ಗೆನ್ ಫಿಷರ್ ಅವರಿಗೆ ತಲೆಬುರುಡೆಯ ಎಡಬಲಗಳ ವ್ಯತ್ಯಾಸವನ್ನು ಅಳೆಯುವ ಕೆಲಸ ಕೊಟ್ಟರು. ಐರೋಪ್ಯರ ಬುರುಡೆಯ ರಚನೆಯೇ ಬೇರೆ, ಅದೇ ಅವರ ಬುದ್ಧಿಯ ಹೆಚ್ಚುಗಾರಿಕೆಗೆ ಗುರುತು ಎಂದು ಪ್ರೊಫೆಸರರ ಊಹೆ. ಇರಾವತಿ 149 ಬುರುಡೆಗಳನ್ನು ಅಳೆದರು. ಜನಾಂಗಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧ ಕಾಣಲಿಲ್ಲ. ಕಾಣಲಿಲ್ಲವೆಂದೇ ಜರ್ಮನ್ ಭಾಷೆಯಲ್ಲಿ ಬರೆದು ಆ ಪ್ರೊಫೆಸರರ ಮುಂದಿಟ್ಟರು. ಕೆಲವೇ ವರ್ಷಗಳಲ್ಲಿ ಹಿಟ್ಲರನ ಆಳ್ವಿಕೆ ಬಂತು, ಫಿಷರರ ವಿದ್ಯೆ ಅದರ ಸೇವೆಗೆ ನಿಂತಿತು. ಆ ಊರಿನಲ್ಲಿ, ಆ ಭಾಷೆಯಲ್ಲಿ, ಇಪ್ಪತ್ತೈದು ವರ್ಷದ ಪರದೇಶಿ ಹೆಣ್ಣೊಬ್ಬಳು 'ಇಲ್ಲ' ಎಂದು ಬರೆದದ್ದು ಎಷ್ಟು ದೊಡ್ಡ ಮಾತು ಎಂದು ಹಿಂದಿರುಗಿ ನೋಡಿದಾಗ ತಿಳಿಯುತ್ತದೆ. ನಮ್ಮ ತರಗತಿಗಳಲ್ಲಿ ಪರಭಾಷೆಯಲ್ಲಿ 'ಹೌದು', 'ದಯವಿಟ್ಟು', 'ಕ್ಷಮಿಸಿ' ಎನ್ನುವುದನ್ನು ಮೊದಲು ಕಲಿಸುತ್ತೇವೆ. 'ಇಲ್ಲ, ಅದು ಹಾಗಲ್ಲ, ಯಾಕೆಂದರೆ' ಎಂದು ಸಾಧಾರ ಹೇಳುವುದನ್ನು ಕಲಿಸುವುದು ಅಪರೂಪ. ವಿಶ್ವವಿದ್ಯಾನಿಲಯದಲ್ಲಿ ಭಾಷೆ ಕಲಿಯುವ ಮುಖ್ಯ ಉದ್ದೇಶ ಅದೇ ಎಂದು ನನಗೆ ಅನಿಸುತ್ತದೆ.

ಊರಿಗೆ ಬಂದ ಮೇಲೆ ಇರಾವತಿಯವರು ಭಾರತದ ಬಂಧುತ್ವ ವ್ಯವಸ್ಥೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದರು. ಅದು 1953ರಲ್ಲಿ ಬಂತು. ದೇಶದ ಭಾಷೆಭಾಷೆಗಳ ನೆಂಟಸ್ತಿಕೆಯ ಪದಗಳನ್ನು ಕೂಡಿಸಿ, ಅವುಗಳಿಂದ ಮದುವೆಯ ಪದ್ಧತಿಗಳನ್ನು ಬಿಡಿಸಿ ತೋರಿಸುವ ಕೆಲಸ ಅದು. ದಕ್ಷಿಣದ ಭಾಗದಲ್ಲಿ ನಮ್ಮ ಕರ್ನಾಟಕವೂ ಇದೆ. ಕನ್ನಡದಲ್ಲಿ ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ತಾಯಿಯ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ಸೋದರತ್ತೆಯ ಮಗನನ್ನೋ ಸೋದರಮಾವನನ್ನೋ ಮದುವೆಯಾಗುವ ಸೀಮೆಯಲ್ಲಿ ಪದಗಳು ಹಾಗಲ್ಲದೆ ಬೇರೆ ಹೇಗಿದ್ದಾವು? ಇದನ್ನು ಪರರಿಗೆ ವಿವರಿಸಲು ಇಂಗ್ಲಿಷಿನ 'ಆಂಟಿ', 'ಅಂಕಲ್' ಸಾಲುವುದಿಲ್ಲ. ನಮ್ಮ ಪದದ ಬೆಲೆ ಗೊತ್ತಿದ್ದವರಿಗೇ ಪರಭಾಷೆಯ ಪದ ಎಲ್ಲಿ ಸೋಲುತ್ತದೆಂದು ಗೊತ್ತಾಗುವುದು. ಮುಂದೆ ಮಹಾಭಾರತದ ಪಾತ್ರಗಳನ್ನು ಕುರಿತು 'ಯುಗಾಂತ' ಬರೆಯುವಾಗ ಅವರು ಆರಿಸಿಕೊಂಡದ್ದು ಮರಾಠಿಯನ್ನು. ಆಮೇಲೆ ತಾವೇ ಅದನ್ನು ಇಂಗ್ಲಿಷಿಗೆ ತಂದರು.

ಈ ಮೂವರೂ ಅನುಕೂಲವಿದ್ದ ಜಾತಿಯಲ್ಲಿ ಹುಟ್ಟಿದವರು, ಓದಿನ ಗಾಳಿ ಇದ್ದ ಮನೆಯವರು ಎಂಬುದನ್ನು ಮರೆಯಬಾರದು. ಆ ಗಾಳಿಯೂ ಇಲ್ಲದ ಮನೆಗಳಿಂದ ಇಂದು ಹುಡುಗಿಯರು ಹೊರಟಿದ್ದಾರೆ. ನರ್ಸಿಂಗ್ ಓದಿದ ನಮ್ಮ ಕಡೆಯ ಹೆಣ್ಣುಮಕ್ಕಳು ಜರ್ಮನಿಗೆ ಹೋಗಲೆಂದು ಜರ್ಮನ್ ಕಲಿಯುತ್ತಿದ್ದಾರೆ. ಯುರೋಪಿನವರು 2001ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಭಾಷಾ ಕಲಿಕೆಗೆ ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲುಗಳಿವೆ. ಅಲ್ಲಿ ನರ್ಸಾಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ನಾಲ್ಕನೆಯದಾದ ಬಿ-2 ಮುಟ್ಟಬೇಕು. ಯಾಕೆಂದರೆ ಅಲ್ಲಿ ಮುದುಕಿಯೊಬ್ಬಳು ನಡುರಾತ್ರಿ ಎದ್ದು ಎಲ್ಲಿ ನೋಯುತ್ತಿದೆಯೆಂದು ಹೇಳಿದರೆ ಅದು ತಿಳಿಯಬೇಕು. ಪಾಳಿ ಬದಲಾಗುವಾಗ ಯಾರಿಗೆ ಯಾವ ಮದ್ದು ಕೊಟ್ಟಾಯಿತೆಂದು ತಪ್ಪಿಲ್ಲದೆ ಒಪ್ಪಿಸಬೇಕು. ಡಾಕ್ಟರು ಬರೆದದ್ದು ಸರಿಯಿಲ್ಲವೆನಿಸಿದರೆ ಅದನ್ನೂ ಹೇಳಲು ಬರಬೇಕು.

ಇಂಥ ಹುಡುಗಿ ನಿಮ್ಮ ಮನೆಯಲ್ಲಿದ್ದರೆ, "ಎಷ್ಟು ಮಾರ್ಕು ಬಂತು?" ಎಂದು ಕೇಳುವ ಮೊದಲು ಒಂದು ಕೆಲಸ ಕೊಡಿ. ನಮ್ಮ ಯುಗಾದಿಯನ್ನು, ಅಜ್ಜಿಯ ಮಂಡಿನೋವನ್ನು, ಸೋದರಮಾವ ಎಂದರೆ ಯಾರೆಂಬುದನ್ನು ಆ ಭಾಷೆಯಲ್ಲಿ ಅರ್ಧ ಪುಟ ಬರೆ ಎನ್ನಿ. ಬರೆದದ್ದನ್ನು ಕನ್ನಡದಲ್ಲಿ ನಿಮಗೆ ಹೇಳಲಿ. ನಿಮಗೆ ಆ ಭಾಷೆಯ ಒಂದು ಅಕ್ಷರವೂ ಬರದಿದ್ದರೆ ಚಿಂತೆಯಿಲ್ಲ. ಎಲ್ಲಿ ತಡವರಿಸುತ್ತಾಳೆಂದು ಕೇಳಿಸಿಕೊಂಡರೆ ಸಾಕು, ನಾಳೆ ಏನು ಕಲಿಯಬೇಕೆಂದು ಅವಳಿಗೇ ತಿಳಿಯುತ್ತದೆ.